ಹನ್ನೆರಡು ವೋಲ್ಟಿಗೆ ಬಂದ ಅಪ್ಪನ ಕಾರು

ನಮ್ಮವ್ವ ಹದಿನೆಂಟು ವರ್ಷದಿಂದ ತವರುಮನೆಯ ಹೊಸಿಲು ತುಳಿದಿರಲಿಲ್ಲ. ತವರೇನೂ ದೂರದ್ದಲ್ಲ. ತೊಣ್ಣೂರಿನ ನಮ್ಮ ಮನೆಯಲ್ಲಿ ತಿಂಡಿ ತಿಂದು ಹೊರಟರೆ, ಎರಡು ಬಸ್ಸು ಬದಲಾಯಿಸಿದರೂ ಕಿಕ್ಕೇರಿಯಲ್ಲಿ ಮಧ್ಯಾಹ್ನದ ಊಟಕ್ಕೆ ಕೂರಬಹುದು. ಅಣ್ಣನಿಗೂ ಅವಳಿಗೂ ಮಾತು ನಿಂತಿತ್ತು ಎಂದೂ ಅಲ್ಲ. ವಾರಕ್ಕೊಂದು ಸಲ ಫೋನಿನಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದರು. ಹಬ್ಬ ಬಂತೆಂದರೆ ಮಾವನೇ ಬಾಳೆಗೊನೆ ಹೊತ್ತುಕೊಂಡು ನಮ್ಮ ಮನೆಗೆ ಬರುತ್ತಿದ್ದ. ಅವಳು ಅಲ್ಲಿಗೆ ಹೋಗಲು ಅಡ್ಡವಾಗಿದ್ದದ್ದು ಒಂದು ಕಾರು.

ಕಾರು ಅಪ್ಪನದು. ಆಲೆಮನೆ ಇಟ್ಟುಕೊಂಡು ಬೆಲ್ಲ ಕಾಯಿಸುತ್ತಿದ್ದ ಅಪ್ಪ, ಯಾರೋ ದೊಡ್ಡವರು ಸಾಕಪ್ಪಾ ಸಾಕು ಎಂದು ಮಾರಿದ ಕಪ್ಪು ಕಾರನ್ನು ತಂದು ಎಮ್ಮೆ ತೊಳೆದ ಹಾಗೆ ತಿಕ್ಕಿ ತೊಳೆಯುತ್ತಿದ್ದ. ಅದು ಆರು ವೋಲ್ಟಿನ ಕಾಲದ ಗಾಡಿ. ಕತ್ತಲಲ್ಲಿ ದೀಪ ಹಾಕಿದರೆ ದಾರಿ ಕಾಣುತ್ತಿರಲಿಲ್ಲ. ದೀಪ ಹಾಕಿದ್ದೇವೆ ಎಂಬುದು ನಮಗೆ ಗೊತ್ತಾಗುತ್ತಿತ್ತು, ಅಷ್ಟೆ. ಮಾವ ತನ್ನ ಮಗಳ ಮದುವೆಗೆ, ಗಂಡನ್ನು ಕರೆತರಲು ಆ ಕಾರೇ ಆಗಬೇಕೆಂದು ಹಟ ಹಿಡಿದು ತರಿಸಿಕೊಂಡ. ಕಾರು ಸರಿಯಾಗಿ ಅವನ ಬೀದಿಯ ತಲೆಯಲ್ಲಿ, ಪೇಟ ಸುತ್ತಿದ ಮದುವೆ ಗಂಡನ್ನು ಒಳಗಿಟ್ಟುಕೊಂಡು, ಬ್ಯಾಟರಿ ಸತ್ತು ನಿಂತಿತು. ಜೋಡಿ ಎತ್ತು ಕಟ್ಟಿ ಎಳೆದು ತಂದರು. ಬೀಗರ ಕಡೆಯವರು ನಕ್ಕರು. ಮಾವ ಎಲ್ಲರ ಎದುರಿಗೆ ಅಪ್ಪನಿಗೆ ಹೇಳಿದ:

“ಭಾವ, ಇನ್ನೊಂದ್ಸಲ ಈ ಡಬ್ಬನ ನನ್ ಬಾಗ್ಲಿಗೆ ತರಬ್ಯಾಡ.”

ಅಪ್ಪ ನಕ್ಕು ಸುಮ್ಮನಾದ. ಅವ್ವ ಸುಮ್ಮನಾಗಲಿಲ್ಲ. “ಆಯ್ತು ಕಣಣ್ಣ. ನಾನು ನಿನ್ ಬಾಗ್ಲಿಗೆ ಬಂದ್ರೆ ಇದೇ ಕಾರಲ್ಲಿ ಬತ್ತೀನಿ. ಎತ್ತು ಕಟ್ಟಂಗಿಲ್ಲ, ಯಾರೂ ತಳ್ಳಂಗಿಲ್ಲ. ಅಲ್ಲೀಗಂಟ ಬರಾಕಿಲ್ಲ” ಅಂದಳು.

ಈ ಎರಡು ಮಾತನ್ನೂ ಆಡಿದವರು ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಹಾಗಾಗಿ ಇಬ್ಬರಿಗೂ ವಾಪಸು ತೆಗೆದುಕೊಳ್ಳಲು ಬರಲಿಲ್ಲ. ಕೆಲವು ವರ್ಷಕ್ಕೆ ಅಪ್ಪ ತೀರಿಕೊಂಡ. ಕಾರು ಆಲೆಮನೆಯ ಚಪ್ಪರದಡಿ ನಿಂತುಬಿಟ್ಟಿತು.

ಹೋದ ವರ್ಷ ಮಾವ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ. ಆಪರೇಶನ್ ಆಗಿ, ವಾಕರ್ ಹಿಡಿದು ಮನೆ ಸೇರಿದ. ಇನ್ನು ಮನೆಯೊಳಗೇ ಓಡಾಡಬೇಕು, ಪ್ರಯಾಣ ಕೂಡದು ಎಂದು ಡಾಕ್ಟರು ಹೇಳಿದರು. ಅದೇ ಹೊತ್ತಿಗೆ ಅವನ ಕಿವಿಯೂ ಮಂದವಾಗಿ ಫೋನಿನಲ್ಲಿ ಏನು ಹೇಳಿದರೂ “ಆಂ, ಆಂ” ಎನ್ನತೊಡಗಿದ. ಒಂದು ದಿನ ಅವ್ವ ಫೋನು ಕೆಳಗಿಟ್ಟು ಗೋಡೆಗೆ ಒರಗಿ ಅತ್ತಳು. ಅಪ್ಪ ಹೋದಾಗ ಬಿಟ್ಟರೆ ಅವಳು ಅತ್ತದ್ದನ್ನು ನಾನು ನೋಡಿದ್ದು ಆವತ್ತೇ. ನನ್ನ ಸಣ್ಣ ಕಾರು ಅಂಗಳದಲ್ಲೇ ನಿಂತಿತ್ತು. ನಡಿ, ಈಗಲೇ ಹೋಗಿ ಬರೋಣ ಅಂದೆ.

“ನಾನು ಅಂದದ್ದು ಯಾವ ಕಾರು?” ಅಂದಳು, ಮೂಗು ಒರೆಸಿಕೊಳ್ಳುತ್ತಾ.

ಹೀಗೆ ಅಪ್ಪನ ಕಾರನ್ನು ಮತ್ತೆ ಓಡುವ ಹಾಗೆ ಮಾಡುವುದು ನನ್ನ ತಲೆಯ ಮೇಲೆ ಬಂತು. ನಾನು ಪಾಂಡವಪುರದಲ್ಲಿ ಹೈಸ್ಕೂಲು ಮೇಷ್ಟ್ರು. ವಿಜ್ಞಾನ ಹೇಳಿಕೊಡುತ್ತೇನೆ. ಪ್ರತಿ ವರ್ಷ ಬೋರ್ಡಿನ ಮೇಲೆ ಒಂದು ಬ್ಯಾಟರಿ, ಒಂದು ಬಲ್ಬು ಬರೆದು, ಕರೆಂಟು ಬಲ್ಬಿಗೆ ಹೋದರಷ್ಟೇ ಸಾಲದು, ತಿರುಗಿ ಮನೆಗೆ ಬರಬೇಕು ಎಂದು ಉರುಹೊಡೆಸುತ್ತೇನೆ. ಅಂಥವನಿಗೆ ಒಂದು ಹಳೇ ಕಾರಿನ ವೈರು ಯಾವ ಲೆಕ್ಕ ಎಂದು ಊರವರು ಅಂದುಕೊಂಡರು. ನಾನೂ ಅಂದುಕೊಂಡೆ.

ಶ್ರೀರಂಗಪಟ್ಟಣದಲ್ಲಿ, ಗಂಜಾಂ ರಸ್ತೆಯಲ್ಲಿ, ಟ್ರಾಕ್ಟರು ಆಟೋಗಳ ವೈರಿಂಗ್ ಮಾಡುವ ಒಬ್ಬ ಸಾಬರಿದ್ದಾರೆ. ನಿಧಾನಸ್ಥರು, ಒಳ್ಳೇ ಕೈ. ಕಾರನ್ನು ಲಾರಿಯಲ್ಲಿ ಹೇರಿಕೊಂಡು ಅವರ ಶೆಡ್ಡಿಗೆ ಹೋದೆ.

“ಆರು ವೋಲ್ಟು ಬ್ಯಾಟ್ರಿ ಎಲ್ಲಿಂದ ತರೋಣ ಮೇಷ್ಟ್ರೇ, ಅಂಗ್ಡೀಲಿ ಕೇಳಿದ್ರೆ ನಗ್ತಾವ್ರೆ” ಅಂದರು. “ಹನ್ನೆರಡು ಮಾಡ್ಬುಡಣ. ಡಬಲ್ ತಾಕತ್ ಬತ್ತದೆ.”

ಎಂಜಿನ್ನನ್ನು ಬೇರೊಬ್ಬರು ಆಗಲೇ ಸರಿಮಾಡಿದ್ದರು. ಸಾಬರು ಬಲ್ಬು, ಕಾಯಿಲ್ಲು, ಹಾರ್ನು, ಡೈನಮೋ ಎಲ್ಲ ಬದಲಾಯಿಸಿದರು. ಬಾನೆಟ್ ಎತ್ತಿದಾಗ ಎಂಜಿನ್ನಿನ ಹಿಂದಿನ ತಗಡಿನ ಗೋಡೆಯ ಮೇಲೆ ಅಂಗೈಯಗಲದ ಒಂದು ಕೆಂಪು ಹೆಕ್ಕಳೆ ಕಂಡಿತು. ಕಾರು ತಂದ ದಿನ ಅಪ್ಪ ಅಲ್ಲಿ ಹೆಬ್ಬೆರಳಿನಿಂದ ಕುಂಕುಮ ಇಟ್ಟಿದ್ದ. ಆಮೇಲೆ ಪ್ರತಿ ಆಯುಧಪೂಜೆಗೂ ಅದರ ಮೇಲೆ ಅರಿಶಿನ, ಕುಂಕುಮ, ವಿಭೂತಿ, ಎಣ್ಣೆ ಬಿದ್ದು ಬೆರಳು ದಪ್ಪ ಕಟ್ಟಿತ್ತು. ಅಪ್ಪ ಹೋದ ಮೇಲೆ ಅವ್ವ ತನ್ನ ಹಣೆಗೆ ಇಡುವುದನ್ನು ಬಿಟ್ಟಳು. ಕಾರಿಗೆ ಇಡುವುದನ್ನು ಬಿಡಲಿಲ್ಲ. ಎಂಜಿನ್ನಿನಿಂದ ಕಾರಿನ ಮೈತಗಡಿಗೆ ಬರುವ, ಅರ್ತಿನ ತಾಮ್ರದ ಪಟ್ಟಿಯ ಬೋಲ್ಟು ಇದ್ದದ್ದು ಆ ಹೆಕ್ಕಳೆಯ ನಡುಮಧ್ಯೆ. ಹಳೇ ಪಟ್ಟಿ ಕೊಳೆತು ನೂಲಾಗಿತ್ತು. ಸಾಬರು ಕುಂಕುಮವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಹಳೇ ಪಟ್ಟಿಯನ್ನು ಮೆಲ್ಲಗೆ ಬಿಡಿಸಿ, ಅದೇ ಜಾಗದಲ್ಲಿ ಹೊಸದನ್ನು ಇಟ್ಟು, ಒಂದು ಚೂರೂ ಉದುರದ ಹಾಗೆ ಬಿಗಿದರು. ಆ ನಾಜೂಕು ನೋಡಿ ನನ್ನ ಮನಸ್ಸು ತುಂಬಿ ಬಂತು. ನಾನೂ ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಕೀಲಿ ತಿರುಗಿಸಿದೊಡನೆ ಎಂಜಿನ್ನು ಗುರ್ ಎಂದಿತು. ನನ್ನ ಕಣ್ಣು ಪೆಟ್ರೋಲಿನ ಮುಳ್ಳಿನ ಮೇಲೆ ಹೋಯಿತು. ಅಪ್ಪನ ಕಾಲದಲ್ಲಿ ಸದಾ ತಳದಲ್ಲಿ ಮಲಗಿರುತ್ತಿದ್ದ ಮುಳ್ಳು ಎದ್ದು ತುಂಬಿದ ಗೆರೆಗೆ ಹೋಗಿ ನಿಂತಿತ್ತು.

“ಅದ್ನ ನಂಬ್ಬೇಡಿ ಮೇಷ್ಟ್ರೇ” ಅಂದರು ಸಾಬರು. “ಆರಕ್ಕೆ ಮಾಡಿರೋ ಮುಳ್ಳು. ಹನ್ನೆರಡು ಕೊಟ್ರೆ ಯಾವಾಗ್ಲೂ ಫುಲ್ಲೇ ಹೇಳ್ತದೆ. ಒಂದ್ ಚಿಕ್ ಸಾಮಾನು ಬರ್ಬೇಕು, ಬಂದ್ಮೇಲೆ ಹಾಕ್ತೀನಿ.”

ಆಯಿತು ಅಂದೆ. ಶ್ರೀರಂಗಪಟ್ಟಣ ದಾಟುವ ಮೊದಲೇ ಮರೆತೆ, ಏಕೆಂದರೆ ಕಾರು ಬೇರೆ ಆಟ ಶುರುಮಾಡಿತ್ತು.

ಈ ಕಾರಿನ ಇಂಡಿಕೇಟರು ಈಗಿನ ಹಾಗೆ ಮಿನುಗುವ ದೀಪವಲ್ಲ. ಎರಡು ಬಾಗಿಲುಗಳ ನಡುವಿನ ಕಂಬದಲ್ಲಿ ಗೇಣುದ್ದದ ಒಂದು ಕೈ ಮಡಚಿಕೊಂಡಿರುತ್ತದೆ. ಎಡಕ್ಕೆ ತಿರುಗುವಾಗ ಎಡಗೈ, ಬಲಕ್ಕೆ ಬಲಗೈ ಹೊರಗೆ ಬರಬೇಕು. ಅಪ್ಪನ ಕಾಲದಲ್ಲಿ ಅದು ಜ್ವರ ಬಂದವನ ಹಾಗೆ ಏಳುತ್ತಿತ್ತು. ಈಗ ಡಬಲ್ ತಾಕತ್. ನಾನು ಬ್ರೇಕು ತುಳಿದರೆ ಎಡಗೈ ಪಟಾರನೆ ಎದ್ದು, ಜೊತೆಗೆ ಹಾರ್ನೂ ಕೂಗಿತು. ಹಾರ್ನು ಒತ್ತಿದರೆ ವೈಪರು ಒಂದು ಸಲ ಗಾಜು ಒರೆಸಿತು. ಹೆಡ್‌ಲೈಟು ಹಾಕಿದರೆ ದೀಪ ಹತ್ತಲಿಲ್ಲ, ಎರಡೂ ಕೈ ಅರ್ಧಕ್ಕೆ ಎದ್ದು ನಡುಗುತ್ತಾ ನಿಂತವು. ಪಾಠ ಓದಿರದೆ, ಕೈ ಎತ್ತದಿದ್ದರೆ ಮೇಷ್ಟ್ರು ಬೈಯುತ್ತಾರೆ ಎಂದು ಹೆದರಿದ ಹುಡುಗರನ್ನು ನಾನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ, ಥೇಟ್ ಹಾಗೆಯೇ.

ಪಾಂಡವಪುರದ ಬಸ್‌ಸ್ಟಾಪಿನ ಮುಂದೆ ಹಸು ಅಡ್ಡ ಬಂತೆಂದು ಬ್ರೇಕು ತುಳಿದೆ. ಕೈ ಎದ್ದಿತು, ಹಾರ್ನು ಕೂಗಿತು. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಅಜ್ಜ ಎದ್ದು ಬಂದು ಹಿಂದಿನ ಬಾಗಿಲು ತೆಗೆದು ಕೂತ.

“ಯಾರಪ್ಪ ನೀವು?” ಅಂದೆ.

“ನೀನೇ ಅಲ್ವಾ ಕೂಗಿ, ಕೈ ಎತ್ತಿ ಕರ್ದಿದ್ದು” ಅಂದ ಅಜ್ಜ. “ಕೆರೆ ಏರಿ ತಾವ ಇಳಿಸ್ಬುಡು.”

ಇಳಿಸಿದೆ. ನಿಲ್ಲಿಸುವಾಗ ಕೈ ಮತ್ತೆ ಎದ್ದಿತು. ಎಷ್ಟು ಮರ್ಯಾದೆ ನೋಡು ಎನ್ನುವ ಹಾಗೆ ಅವನು ಅದಕ್ಕೆ ಕೈಮುಗಿದು ಹೋದ.

ಅವ್ವನಿಗೆ ಇದ್ಯಾವುದೂ ದೋಷ ಅನ್ನಿಸಲಿಲ್ಲ. ಓಡುತ್ತದೆ ತಾನೇ, ನಡಿ ಅಂದಳು. ಅಣ್ಣನಿಗೆ ಮೆಣಸಿನಪುಡಿ, ಹುರುಳಿಕಾಳು ಕಟ್ಟಿಕೊಂಡು ಮಾರನೇ ಭಾನುವಾರವೇ ಹೊರಟಳು. ಚಿನಕುರಳಿ ಹತ್ತಿರ ಮೋಡ ಮುಚ್ಚಿ ಮಳೆ ಹನಿಯಿತು. ದೀಪ, ವೈಪರು ಎರಡನ್ನೂ ಹಾಕಿದೆ. ಸುಟ್ಟ ವಾಸನೆ ಬಂತು. ಚೋಕಿನ ಗುಂಡಿ ಮುಟ್ಟಿದರೆ ಒಲೆ ಮೇಲಿನ ಬಾಣಲಿ; ಅಲ್ಲಿಂದ ಎಂಜಿನ್ನಿಗೆ ಹೋಗುವ ತಂತಿಯಿಂದ ಹೊಗೆ ಏಳುತ್ತಿತ್ತು. ಎಲ್ಲ ಆರಿಸಿ, ಆರಲು ಬಿಟ್ಟು, ಕುಂಟುತ್ತಾ ಮನೆಗೆ ತಿರುಗಿದೆವು. ಅವ್ವ ದಾರಿಯುದ್ದಕ್ಕೂ ಹುರುಳಿಕಾಳಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಟ್ಟದ್ದೇನು ಎಂದು ನನ್ನ ಮೇಲೇ ಸಿಟ್ಟು ಬಂತು.

ಆಮೇಲಿನ ಒಂದೂವರೆ ತಿಂಗಳು ನಮ್ಮ ಅಂಗಳ ಗ್ಯಾರೇಜಾಯಿತು. ಸಾಬರು ಪ್ರತಿ ಶುಕ್ರವಾರ ನಮಾಜು ಮುಗಿಸಿ ಬರುತ್ತಿದ್ದರು. ಒಂದು ಬಲ್ಬಿಗೆ ಎರಡು ವೈರು ಕಟ್ಟಿದ ಟೆಸ್ಟ್‌ಲ್ಯಾಂಪನ್ನು ಎಲ್ಲಿ ಇಟ್ಟರೂ ಅದು ಒಂದಿಷ್ಟು ಹತ್ತುತ್ತಿತ್ತು. ಬಾಗಿಲ ಹಿಡಿಗೆ ಇಟ್ಟರೂ ಹತ್ತಿತು. “ಇದ್ರಲ್ಲಿ ಎಲ್ಲಾ ಕಡೆ ಕರೆಂಟೈತೆ ಮೇಷ್ಟ್ರೇ, ಬೇಕಾದ್ ಕಡೆ ಇಲ್ಲ” ಅಂದರು. ಹಾರ್ನು ಬಿಚ್ಚಿದೆವು, ಜೋಡಿಸಿದೆವು. ಸ್ವಿಚ್ಚು ಬದಲಾಯಿಸಿದೆವು. ನಾನು ನಾಲ್ಕು ಬಣ್ಣದ ಪೆನ್ನಿನಲ್ಲಿ ಇಡೀ ಕಾರಿನ ನಕ್ಷೆ ಬರೆದೆ. ನಕ್ಷೆಯಲ್ಲಿ ಕಾರು ಸರಿಯಾಗಿಯೇ ಇತ್ತು.

ಕೊನೆಗೆ ನಾಗಮಂಗಲದಿಂದ ಒಬ್ಬ ಮೇಸ್ತ್ರಿಯನ್ನು ಕರೆಸಿದೆ. ಹಳೇ ಕಾರುಗಳ ಹೊಟ್ಟೆಯಲ್ಲೇ ಕೂದಲು ಹಣ್ಣಾದವರು. ಅವರು ಬಸ್ಸಿಳಿದು ಬಂದವರೇ ಬಾನೆಟ್ ಎತ್ತಿ, ಕುಂಕುಮ ಮುಟ್ಟಿ ಕಣ್ಣಿಗೊತ್ತಿಕೊಂಡು, ಅಲ್ಲಿಂದ ಒಂದು ಮೊಳ ಆಚೆಗೆ ಕೆಲಸ ಶುರುಮಾಡಿದರು. ಎರಡು ದಿನ ಇದ್ದು ಡ್ಯಾಶ್‌ಬೋರ್ಡಿನ ಹಿಂದಿನ ವೈರನ್ನೆಲ್ಲ ಹೊಸದು ಮಾಡಿದರು. ಬ್ರೇಕು ತುಳಿದೆವು. ಈ ಸಲ ಬಲಗೈ ಎದ್ದಿತು.

ಮೇಸ್ತ್ರಿ ಬೀಡಿ ಹಚ್ಚಿ ಬಹಳ ಹೊತ್ತು ಅದನ್ನೇ ನೋಡಿದರು. “ವೈರಲ್ಲಿ ಏನೂ ಇಲ್ಲ ಮೇಷ್ಟ್ರೇ. ದೃಷ್ಟಿ ಆಗೈತೆ. ಗಾಡಿ ಚಾಲೂ ಇಟ್ಟು, ದೀಪ ಹಾಕಿ, ಒಂದ್ ಪೂಜೆ ಮಾಡ್ಸಿ” ಎಂದು ಹೇಳಿ ಸಂಜೆ ಬಸ್ಸಿಗೆ ಹೊರಟುಹೋದರು.

ವಿಜ್ಞಾನದ ಮೇಷ್ಟ್ರಾದ ನಾನೂ ಒಪ್ಪಿದೆ. ಶುಕ್ರವಾರ ಬಂತು. ಸಾಬರೂ ಬಂದಿದ್ದರು. ಬಾನೆಟ್ ಎತ್ತಿ, ಎಂಜಿನ್ನು ಚಾಲೂ ಇಟ್ಟು ಹೆಡ್‌ಲೈಟಿನ ಸ್ವಿಚ್ಚು ಹಾಕಿದೆ. ಎರಡೂ ಕೈ ಅರ್ಧಕ್ಕೆ ಎದ್ದು ನಡುಗಿದವು. ಅವ್ವ ಹಿತ್ತಾಳೆ ತಟ್ಟೆಯಲ್ಲಿ ಅರಿಶಿನ ಕುಂಕುಮ ತಂದಳು. ಕುಂಕುಮ ಇಡಲು ಕೈ ಖಾಲಿ ಬೇಕಲ್ಲ, ತಟ್ಟೆಯನ್ನು ಎದುರಿಗೇ ಇಟ್ಟಳು. ತಟ್ಟೆಯ ಒಂದು ಅಂಚು ಎಂಜಿನ್ನಿನ ಮೇಲೆ, ಇನ್ನೊಂದು ಅಂಚು ಬಣ್ಣ ಹೋದ ತಗಡಿನ ಮೇಲೆ ಕೂತಿತು. ಎರಡು ಕೈಯೂ ಪಟ್ಟನೆ ಮಡಚಿಕೊಂಡವು. ಹೆಡ್‌ಲೈಟು ಎದುರಿನ ಹುಣಿಸೆಮರದ ಎಲೆ ಎಣಿಸುವಷ್ಟು ಬೆಳಗಿತು.

ಅವ್ವ ಬೆಚ್ಚಿ ತಟ್ಟೆ ಎತ್ತಿಕೊಂಡಳು. ದೀಪ ಸತ್ತಿತು, ಕೈ ಎದ್ದವು. ಇಟ್ಟಳು, ಬೆಳಗಿತು. ಎತ್ತಿದಳು, ಆರಿತು. “ತಾಯಿ ನಿಮಿಷಾಂಬ” ಎಂದು ತಟ್ಟೆಯನ್ನು ಮೂರನೇ ಸಲ ಇಟ್ಟು ಕೈಮುಗಿದು ನಿಂತಳು.

ಸಾಬರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ತಟ್ಟೆ ಮಾಡುತ್ತಿದ್ದದ್ದು ಪಟ್ಟಿ ಮಾಡಬೇಕಾದ ಕೆಲಸ. ಬಲ್ಬಿಗೆ, ಹಾರ್ನಿಗೆ ಹೋದ ಕರೆಂಟು ಬಾಡಿಯ ತಗಡಿನ ಮೂಲಕ, ಆ ಪಟ್ಟಿ ಹಿಡಿದು ಎಂಜಿನ್ನಿಗೆ, ಅಲ್ಲಿಂದ ಬ್ಯಾಟರಿಗೆ ವಾಪಸು ಬರಬೇಕು. ಪಟ್ಟಿ ಕೂತಿದ್ದದ್ದು ಕಬ್ಬಿಣದ ಮೇಲಲ್ಲ, ಎಣ್ಣೆ ಹೀರಿ ಕಲ್ಲಾಗಿದ್ದ ಕುಂಕುಮದ ಮೇಲೆ. ಬೋಲ್ಟಿನ ಸುತ್ತಲೂ ಅದೇ ಮೆತ್ತಿತ್ತು. ಮನೆಗೆ ದಾರಿ ಸಿಗದ ಕರೆಂಟು ಕಂಡಕಂಡ ಕಡೆ ನುಗ್ಗಿತ್ತು. ಕೈ ಎತ್ತಿಸಿ, ಹಾರ್ನು ಊದಿಸಿ, ಚೋಕಿನ ತಂತಿ ಸುಟ್ಟಿತ್ತು. ಇಡೀ ಕಾರಿನಲ್ಲಿ ನಾವು ಪರೀಕ್ಷಿಸದೆ ಬಿಟ್ಟ ಜಾಗ ಅದೊಂದೇ. ಮುಟ್ಟಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೇಸ್ತ್ರಿಯೂ ಸೇರಿ ಮೂವರೂ ಬಾನೆಟ್ ಎತ್ತಿದಾಗಲೆಲ್ಲ ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದೆವು.

“ಅದ್ನ ಕೆರೀಬೇಕು” ಅಂದರು ಸಾಬರು. ಹೇಳಿ, ಎರಡು ಹೆಜ್ಜೆ ಹಿಂದಕ್ಕೆ ಹೋದರು. “ನನ್ ಕೈಲಿ ಆಗಲ್ಲ ಅಮ್ಮ.”

ನನ್ನ ಕೈಲೂ ಆಗಲಿಲ್ಲ. ಅದರ ತಳದಲ್ಲಿ ಅಪ್ಪನ ಹೆಬ್ಬೆರಳಿತ್ತು. ಬೇರೆ ಕಡೆ ತೂತು ಕೊರೆದು ಇನ್ನೊಂದು ಪಟ್ಟಿ ಹಾಕಬಹುದಿತ್ತು. ಅದು ನಮ್ಮಿಬ್ಬರಿಗೂ ಹೊಳೆದದ್ದು ಆಮೇಲೆ. ಅಷ್ಟರಲ್ಲಿ ಅವ್ವ ಒಳಗೆ ಹೋಗಿ ದೋಸೆ ಮಗುಚುವ ಕೈ ತಂದಿದ್ದಳು.

“ನಿಮ್ಮಪ್ಪ ಇಟ್ಟಿದ್ದು ಗಾಡಿ ಓಡ್ಲಿ ಅಂತ. ನಿಂತ್ಕಳ್ಲಿ ಅಂತ ಅಲ್ಲ ಕಣ್ಲಾ” ಅಂದಳು.

ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆರೆದಳು. ಕೆಂಪು, ಹಳದಿ, ಬೂದಿ, ಮತ್ತೆ ಕೆಂಪು, ಪದರ ಪದರವಾಗಿ ಎದ್ದಿತು. ನಡುವೆ ಒಂದು ಅಕ್ಷತೆ ಕಾಳು, ಒಣಗಿದ ಸೇವಂತಿಗೆ ಎಸಳು. ತಳ ಬರುತ್ತಿದ್ದ ಹಾಗೆ ಅವಳ ಕೈ ನಿಧಾನವಾಯಿತು. ಕಬ್ಬಿಣ ಬೆಳ್ಳಗೆ ಹೊಳೆದಾಗ ಮಗುಚುವ ಕೈಯನ್ನು ಸಾಬರಿಗೆ ಕೊಟ್ಟು, ಉದುರಿದ್ದನ್ನೆಲ್ಲ ಪೇಪರಿನಲ್ಲಿ ಕಟ್ಟಿ ಕಾರಿನ ಮುಂದಿನ ಗೂಡಿನಲ್ಲಿಟ್ಟಳು. ಸಾಬರು ಬೋಲ್ಟು ಬಿಗಿದರು. ಬ್ರೇಕು ತುಳಿದೆ. ಯಾವ ಕೈಯೂ ಏಳಲಿಲ್ಲ. ಇಷ್ಟು ದಿನದ ಅಭ್ಯಾಸಕ್ಕೆ ನನಗೆ ಸ್ವಲ್ಪ ಬೇಜಾರೇ ಆಯಿತು.

ಆ ಭಾನುವಾರ ಹೊರಟೆವು. ಚಿನಕುರಳಿ ದಾಟಿತು, ಕೆ.ಆರ್. ಪೇಟೆ ದಾಟಿತು. ತಿರುವಿನಲ್ಲಿ ಕೈಗಳು ಹೇಳಿದಾಗ ಎದ್ದವು, ಹೇಳಿದಾಗ ಮಡಚಿದವು. ಪೆಟ್ರೋಲ್ ಬಂಕು ಬಂದಾಗ ಮುಳ್ಳು ನೋಡಿದೆ. ತುಂಬಿದ ಗೆರೆಯಲ್ಲಿ ನಿಂತಿತ್ತು. ಹಳೇ ಕಾರು ಎಷ್ಟು ಕಮ್ಮಿ ಕುಡಿಯುತ್ತದೆ ಎಂದು ಅವ್ವನಿಗೆ ಹೆಮ್ಮೆಯಿಂದ ಹೇಳಿದೆ.

ಮಾವನ ಬೀದಿಯ ತಲೆಯಲ್ಲಿ, ಹಾಲಿನ ಡೈರಿಯ ಮುಂದೆ, ಎಂಜಿನ್ನು ಎರಡು ಸಲ ಕೆಮ್ಮಿ ನಿಂತಿತು. ಮಾವನ ಗೇಟು ನೂರು ಹೆಜ್ಜೆ ದೂರದಲ್ಲಿ ಕಾಣುತ್ತಿತ್ತು. ಮುಳ್ಳು ಇನ್ನೂ ಫುಲ್ಲೇ ಹೇಳುತ್ತಿತ್ತು. ಸಾಬರ ಮಾತು ನನಗೆ ಆಗ ನೆನಪಾಯಿತು.

ಡೈರಿಯಲ್ಲಿದ್ದವರು ಕ್ಯಾನು ಬಿಟ್ಟು ತಳ್ಳಲು ಬಂದರು. “ಮುಟ್ಟಬ್ಯಾಡಿ” ಅಂದಳು ಅವ್ವ ಒಳಗಿನಿಂದ. ಅವರಲ್ಲಿ ಒಬ್ಬ ಬೈಕಿನಲ್ಲಿ ಪೆಟ್ರೋಲು ತರಲು ಹೋದ. ಇಳಿದು ನಡೆದರೆ ಎರಡು ನಿಮಿಷವಿಲ್ಲ, ಇಳಿಯವ್ವ ಅಂದೆ. ಅವಳು ಹುರುಳಿಕಾಳಿನ ಚೀಲ ಅಪ್ಪಿಕೊಂಡು ಅಲ್ಲಾಡಲಿಲ್ಲ.

ಅಷ್ಟರಲ್ಲಿ ಗೇಟಿನಲ್ಲಿ ಮಾವ ಕಂಡ. ಯಾರೋ ಸುದ್ದಿ ಮುಟ್ಟಿಸಿದ್ದರು. ವಾಕರ್ ಎತ್ತಿ ಮುಂದಿಟ್ಟು, ಕಾಲೆಳೆದು, ಮತ್ತೆ ಎತ್ತಿಟ್ಟು, ಬೀದಿಗೆ ಇಳಿದ. ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದ. ಅತ್ತೆ ಹಿಂದಿನಿಂದ ಬೈಯುತ್ತಾ ಬರುತ್ತಿದ್ದಳು. ಅರ್ಧ ದಾರಿಗೆ ಬಂದವನು ನಿಂತೇಬಿಟ್ಟ. ವಾಕರಿನ ಮೇಲೆ ಪೂರ್ತಿ ಬಾಗಿದ. ಅವ್ವ ಚೀಲವನ್ನು ಸೀಟಿನ ಮೇಲೆ ಎಸೆದು, ಬಾಗಿಲು ತೆಗೆದು ಓಡಿದಳು. ಎಪ್ಪತ್ತು ದಾಟಿದ ಮುದುಕಿ ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ. ಅಣ್ಣನ ತೋಳು ಹಿಡಿದು ಕರೆತಂದು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಪಕ್ಕದಲ್ಲಿ ತಾನೂ ಕೂತಳು.

ಇಬ್ಬರೂ ಏದುಸಿರು ಬಿಟ್ಟರು. ಆಮೇಲೆ ಮಾವ ಅಂದ, “ನನ್ ಬಾಗ್ಲಿಗೆ ತರಬ್ಯಾಡ ಅಂದಿದ್ದೆ. ತಂದಿಲ್ಲ ಬುಡು.”

ಅವ್ವ ಅವನ ಕಿವಿಗೆ ಬಾಯಿಟ್ಟು ಹೇಳಿದಳು, “ಯಾರೂ ತಳ್ಳಿಲ್ಲ. ಎತ್ತೂ ಕಟ್ಟಿಲ್ಲ.”

“ಆಂ?” ಅಂದ ಮಾವ. ಅವಳು ಮತ್ತೆ ಹೇಳಿದಳು. ಅವನು ತಲೆಯಾಡಿಸಿ ಅವಳ ಕೈ ಹಿಡಿದುಕೊಂಡ. ಅತ್ತೆ ಕಾಫಿಯನ್ನು ಕಾರಿಗೇ ತಂದುಕೊಟ್ಟಳು.

ಪೆಟ್ರೋಲು ಬಂತು. ಹಾಕಿ, ಯಾವ ಕಡೆಗೆ ಎಂದು ಕೇಳಿದೆ. “ಮನೆ ಕಡೆ ಬ್ಯಾಡ. ಸುಮ್ಕೆ ಊರು ಸುತ್ತಾಕು” ಅಂದ ಮಾವ. ಊರನ್ನು ಮೂರು ಸುತ್ತು ಹಾಕಿದೆವು. ಪ್ರತಿ ಸುತ್ತಿನಲ್ಲೂ ಗೇಟಿನ ಮುಂದೆ ಆರತಿ ತಟ್ಟೆ ಹಿಡಿದು ನಿಂತ ಅತ್ತೆಯನ್ನು ದಾಟಿಕೊಂಡು ಹೋದೆವು. ಮೂವರಲ್ಲಿ ಯಾರೂ ಆ ಕಡೆ ತಿರುಗಲಿಲ್ಲ. ನಾಲ್ಕನೇ ಸಲ ಮಾವ ನನ್ನ ಹೆಗಲು ತಟ್ಟಿದ.

“ನಿಲ್ಸಲಾ. ಕಾಲು ನೋಯ್ತದೆ. ಅವತ್ತು ಬ್ಯಾಡ ಅಂದಿದ್ದು ನಿಮ್ಮಪ್ಪಂಗೆ ಕಣ್ಲಾ, ನಿಂಗೆ ಯಾವತ್ತಂದೆ.”

ಬಾಗಿಲಿಗೆ ಸರಿಯಾಗಿ ನಿಲ್ಲಿಸಿದೆ. ಅತ್ತೆ ಅವ್ವನಿಗೂ ಮಾವನಿಗೂ ಆರತಿ ಎತ್ತಿದಳು. ಆಮೇಲೆ ಕಾರಿಗೂ ಇಡಬೇಕೆಂದು ಕುಂಕುಮದ ಬಟ್ಟಲು ಹಿಡಿದು, ಬಾನೆಟ್ ಎತ್ತಪ್ಪ ಅಂದಳು. ಹಿಂದೆ ಅಪ್ಪ ಬಂದಾಗಲೆಲ್ಲ ಎತ್ತಿ ತೋರಿಸುತ್ತಿದ್ದದ್ದು ಅವಳಿಗೆ ನೆನಪಿತ್ತು. ನಾನು ಬಗ್ಗುವ ಮೊದಲೇ ಅವ್ವ ಬಾನೆಟ್ಟಿನ ಮೇಲೆ ಅಂಗೈ ಊರಿದಳು.

“ಈಚೆಗೇ ಇಡಿ ಅತ್ತಿಗೆ” ಅಂದಳು. “ಒಳಗೆ ಅವ್ರು ಇಟ್ಟಿದ್ದು ಇತ್ತು.”